ಮತ್ತೊಮ್ಮಿ ಬಂದು ಕೇಳ್ರಿ

ಭಾಲ್ಕಿ

ಕ್ಯಾಮೆರಾ ಕಂಪನಿ ಸಾಹೇಬ್ರಿಗಿ ಸುಭದ್ರಾಬಾಯಿಯ ಜೈಭೀಮ.

ಬ್ಯಾಸಗಿಯಾಗ ನಿಮ್ಮ ಸರ್ವೇ ಹುಡುಗಿ ನಮ್ಮ ಮನಿಗಿ ಬಂದಿದ್ಳರಿ. ಬಿಸಿಲಿಗಿ ಮಾರಿ ಬಾಡಿತ್ತು. ಕೂಡಿಸಿ ಚಹಾ ಕೊಟ್ಟೆ. "ಓಣ್ಯಾಗ ಕಳ್ಳರ ಹೆದರಿಕಿ ಅದ ಏನ್ರಿ? ಒಬ್ರೇ ಹೊರಗ ಹೋಗ್ಲಿಕ್ಕ ಅಂಜ್ತೀರೇನ್ರಿ?" ಅಂತ ಕೇಳಿದಳು. ಮನಿಗಿ ಬಂದ ಹೆಣ್ಣುಮಗಳಿಗಿ ಇಲ್ಲ ಅಂದು ಹ್ಯಾಂಗ ಕಳಿಸಲಿ? ಎಲ್ಲಾಕ್ಕೂ ಹೂಂ ಅಂದೆ.

ಆ ಹೂಂ ನೀವು ನನ್ನ ಮಗ ಸ್ವಪ್ನಿಲಗ ತೋರಿಸಿ ಕ್ಯಾಮೆರಾ, ಬೀಗ ಎರಡೂ ಮಾರಿದ್ರಿ. ಬೀಗ ತೆಗಿಲಿಕ್ಕ ಅವನ ಮೊಬೈಲೇ ಬೇಕು. ಅವ ದಿನಾ ನನ್ನ ಒಳಗ ಬಿಟ್ಟು ಬೀಗ ಹಾಕಿ ಬೀದರಕ್ಕ ನೌಕರಿಗಿ ಹೋಗ್ತಾನ. ಸಂಜೀಕ ನೆರಮನಿ ಖುರ್ಷಿದ ಬೇಗಂ ಜೋಡಿ ಬಜಾರಕ್ಕ, ಅಲ್ಲಿಂದ ಬುದ್ಧ ವಿಹಾರಕ್ಕ ಹೋಗ್ತಿದ್ದೆ. ಈಗ ಎಲ್ಲಾ ಬಂದ್. ನನಗ ಯಾರ ಅಂಜಿಕೀನೂ ಇಲ್ಲೋ ಅಂದ್ರ, "ನೀನೇ ಹೇಳೀದಿ ಅವ್ವಾ, ಅವರ ಹತ್ರ ಬರದದ್ದು ಅದ" ಅಂತಾನ.

ಆ ಹುಡುಗಿಗಿ ಬೈಬ್ಯಾಡ್ರಿ. ಮತ್ತೊಮ್ಮಿ ಕಳಿಸ್ರಿ, ಈ ಸಲ ಖರೇ ಹೇಳ್ತೇನಿ. ಸ್ವಪ್ನಿಲ ಇಲ್ಲದಾಗ ಬಂದ್ರ ಕಿಡಕಿಗಿ ನಿಂತು ಕೇಳಲಿ. ಚಹಾ ಸಿಗಂಗಿಲ್ಲ ಅಂತ ಮೊದಲೇ ತಿಳಿಸ್ರಿ. ಕಿಡಕಿ ಸರಳಿನಾಗಿಂದ ಈ ಕಾಗದ ಖುರ್ಷಿದಳ ಕೈಗಿ ಹೋಗ್ತದರಿ, ಚಹಾದ ಕಪ್ ಹೋಗಂಗಿಲ್ಲ.

ಇಂತಿ,
ಸುಭದ್ರಾಬಾಯಿ