ಹಸಿರು ಗುರುತಿನ ಕೆಳಗಿನ ತಾರೀಕು

ಮನೆ, ಮಹಡಿಯ ಕೋಣೆ
ಏಪ್ರಿಲ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹಡಗಿನ ಹೊಟ್ಟೆಯೊಳಗೆ ತಂತಿ ಜೋಡಿಸುತ್ತಾ ಕೂತರೆ ಹಗಲು ಯಾವುದು, ರಾತ್ರಿ ಯಾವುದು ಗೊತ್ತಾಗುವುದಿಲ್ಲ ಅಂತ ಬರೆದಿದ್ದೆ. ಹೊತ್ತಿಗೆ ಸರಿಯಾಗಿ ಊಟವಾದರೂ ಮಾಡುತ್ತೀಯೋ ಇಲ್ಲವೋ? ಸೊಂಟನೋವು ಕಡಿಮೆಯಾಯಿತೇ? ನನಗೆ ಮಂಡಿಯದೊಂದು ಬಿಟ್ಟರೆ ಬೇರೆ ದೂರಿಲ್ಲ. ಅದೂ ಮೆಟ್ಟಿಲು ಕಂಡಾಗ ಮಾತ್ರ ತಕರಾರು ತೆಗೆಯುತ್ತದೆ.

ನೀನು ಕೆಲಸ ಬಿಟ್ಟುಹೋದ ಮೇಲೆ ನಮ್ಮ ಗ್ರಂಥಾಲಯದ ಹಜಾರದಲ್ಲಿ ಗೋಡೆಯಗಲದ ಪರದೆಯೊಂದನ್ನು ತೂಗುಹಾಕಿದ್ದಾರೆ. ಅದರಲ್ಲಿ ದಿನವಿಡೀ ಮೀನುಗಳು ಈಜುತ್ತವೆ. ಅಪ್ಪ ಕೂರಿಸಿದ ಗಾಜಿನ ಕಿಟಕಿಗಳಿಂದ ಬೆಳಗಿನ ಬಿಸಿಲು ಇಳಿದು, ಮೀನಿನ ನೀಲಿಯ ಜೊತೆ ನೆಲದ ಮೇಲೆ ಬೆರೆತಾಗ, ಓದಲು ಬಂದವರೆಲ್ಲ ನೀರಿನಡಿ ಕೂತವರ ಹಾಗೆ ಕಾಣುತ್ತಾರೆ. ಪತ್ರಿಕೆ ಮಗುಚುವ ಸದ್ದು ಕೂಡ ಎಲ್ಲೋ ದೂರದಿಂದ ಬಂದಂತಿರುತ್ತದೆ. ನಾನೂ ಎಷ್ಟೋ ದಿನ ಹಾಗೇ ಮೈಮರೆತು ಕೂತಿದ್ದೇನೆ, ಆ ಮೀನುಗಳ ತಲೆಯ ಮೇಲೆ ಎಲ್ಲೋ ನಿನ್ನ ಹಡಗು ಹೋಗುತ್ತಿದೆ ಅಂದುಕೊಂಡು.

ಮೊನ್ನೆ ಪತ್ರಿಕೆಯಲ್ಲಿ ಓದಿದೆ: ಬೇರೊಂದು ಊರಿನ ಕಚೇರಿಗೆ ಅದ್ಯಾವುದೋ ವೈರಸ್ಸು ಹೊಕ್ಕು ಇದ್ದಬದ್ದ ಕಡತಗಳಿಗೆಲ್ಲ ಬೀಗ ಹಾಕಿಬಿಟ್ಟಿದೆಯಂತೆ. ನಮ್ಮದು ಹೇಗಿದೆ ಅಂತ ಗ್ರಂಥಾಲಯದ ಮುಖ್ಯಸ್ಥರನ್ನು ಕೇಳಿದೆ. ಅವರಿಗೆ ನೀನಿಟ್ಟ ಹೆಸರು 'ನೋಡೋಣ' ಎಷ್ಟು ಸರಿ. 'ಎಲ್ಲ ಕಂಪ್ಯೂಟರಿನಲ್ಲೂ ಹಸಿರು ಗುರುತಿದೆಯಲ್ಲ ಮೇಡಂ, ಇನ್ನೇನು ಬೇಕು? ಆಗಲಿ, ನೋಡೋಣ' ಅಂದರು. ನನಗೆ ನಿನ್ನ ಮಾತು ನೆನಪಾಯಿತು. ಹಸಿರು ನೋಡಬೇಡ ಅಕ್ಕಾ, ತಾರೀಕು ನೋಡು ಅನ್ನುತ್ತಿದ್ದೆ. ಪುಸ್ತಕ ಹುಡುಕುವ ಕಂಪ್ಯೂಟರಿನ ಮುಂದೆ ಕೂತು ಆ ಹಸಿರು ಗುರಾಣಿ ಚಿತ್ರವನ್ನು ಒತ್ತಿದೆ. 'ಹೊಸ ಅಪ್‌ಡೇಟ್ ಇದೆಯೇ ಎಂದು ಇಂದು ವಿಚಾರಿಸಲಾಗಿದೆ' ಅಂತ ದಪ್ಪಕ್ಷರದಲ್ಲಿತ್ತು. ಅದರ ಕೆಳಗೆ, ಕನ್ನಡಕ ಏರಿಸಿ ನೋಡಬೇಕಾದಷ್ಟು ಸಣ್ಣಕ್ಷರದಲ್ಲಿ, ಭದ್ರತಾ ತಂತ್ರಾಂಶ ಕೊನೆಯ ಸಲ ಅಪ್‌ಡೇಟ್ ಆದ ದಿನ. ಅದು ನೀನು ಕೆಲಸ ಬಿಟ್ಟ ವಾರದ್ದು. ಒಂದಾದ ಮೇಲೊಂದು ಎಲ್ಲದರಲ್ಲೂ ನೋಡಿದೆ. ಎಲ್ಲದರಲ್ಲೂ ಅದೇ ತಾರೀಕು.

ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಿ ನೋಡಿದಾಗ ಗೊತ್ತಾಯಿತು. ಹೊಸ ಅಪ್‌ಡೇಟುಗಳನ್ನು ಹೊರಗಿನಿಂದ ತರಿಸಿ ಎಲ್ಲರಿಗೂ ಹಂಚುತ್ತಿದ್ದ ನಿನ್ನ ಆ ಹಳೆಯ ಯಂತ್ರದ ಹೊರಸಂಪರ್ಕದ ತಂತಿಯನ್ನು ಕಿತ್ತು ಮೀನಿನ ಪರದೆಗೆ ಕೊಟ್ಟಿದ್ದಾರೆ. ಪಾಪ, ಯಂತ್ರ ಇನ್ನೂ ಎಚ್ಚರವಾಗಿಯೇ ಇದೆ. ಬೆಳಗಾದರೆ ಕಂಪ್ಯೂಟರುಗಳೆಲ್ಲ ಅದರ ಹತ್ತಿರ ಹೋಗಿ ಹೊಸದೇನಾದರೂ ಬಂತೇ ಅಂತ ಕೇಳುತ್ತವೆ. ಹೊರಗಿನ ಲೋಕ ನಿಂತೇಹೋಗಿದೆ ಅಂದುಕೊಂಡ ಅದು, ಏನೂ ಇಲ್ಲ, ಹೋಗಿಬನ್ನಿ ಅನ್ನುತ್ತದೆ. ಅವು ನೆಮ್ಮದಿಯಿಂದ ಹಸಿರು ಹೊದ್ದು ಕೂರುತ್ತವೆ. ಆ ಕತ್ತಲಲ್ಲಿ ಅದರ ಸಣ್ಣ ದೀಪ ಮಿಣುಕುವುದನ್ನು ನೋಡುತ್ತಾ ಎಷ್ಟು ಹೊತ್ತು ನಿಂತಿದ್ದೆನೋ.

ಆಮೇಲೆ ಮೈಯೆಲ್ಲ ಉರಿಯಿತು. ಕಾಲುವೆಯ ಮೇಲಿನ ಕಾಲುಸೇತುವೆ ನಿನಗೆ ನೆನಪಿಲ್ಲದಿರಬಹುದು, ಆಗ ನೀನು ಎತ್ತಿಕೊಳ್ಳುವ ಕೂಸು. ವರ್ಷಕ್ಕೊಮ್ಮೆ ಬಂದು 'ಪರೀಕ್ಷಿಸಲಾಗಿದೆ' ಅನ್ನುವ ಫಲಕಕ್ಕೆ ಹೊಸ ಬಣ್ಣ ಬಳಿದು ಹೋಗುತ್ತಿದ್ದರು. ಸೇತುವೆ ಕುಸಿದ ದಿನವೂ ಫಲಕ ಫಳಫಳ ಹೊಳೆಯುತ್ತಿತ್ತು. ಗ್ರಂಥಾಲಯದವರೂ ಹಾಗೆಯೇ, ವಿಚಾರಿಸಿದ್ದೇವೆ ಅಂದುಬಿಟ್ಟರೆ ಕೆಲಸ ಮುಗಿಯಿತು ಅನ್ನುವ ಜನ. ಯಾವಾಗ ನೋಡಿದರೂ ಅಪ್‌ಡೇಟು ಅಪ್‌ಡೇಟು ಅಂತ ಓದುವವರ ನೆಮ್ಮದಿ ಕೆಡಿಸುತ್ತೀಯ ಅಂತ ನಾಲ್ಕು ಜನರೆದುರು ನಿನ್ನನ್ನು ಗದರಿದವರೂ ಇವರೇ.

ಸರಿಮಾಡಿಸಲೇಬೇಕು ಅಂತ ಹಿಡಿದ ಪಟ್ಟು ನಾನು ಬಿಡಲಿಲ್ಲ. ಅದಕ್ಕೆ ಅವರು ಕಂಡುಕೊಂಡ ಮದ್ದು ಕೇಳು. ಈ ತಿಂಗಳ ಕೊನೆಗೆ ನಿನ್ನ ಯಂತ್ರವನ್ನು ಪೂರ್ತಿ ಅಳಿಸಿ ಹೊಸದಾಗಿ ಶುರುಮಾಡುತ್ತಾರಂತೆ. ನೀನು ಊರಿನ ಹಿರಿಯರನ್ನು ಕೂರಿಸಿ ಮಾತಾಡಿಸಿದ ಧ್ವನಿಮುದ್ರಣಗಳೆಲ್ಲ ಇರುವುದು ಅದೊಂದರಲ್ಲೇ. ನಕಲು ಮಾಡಿಕೊಳ್ಳಿ ಅಂದರೆ, ನಿನ್ನ ಪಾಸ್‌ವರ್ಡ್ ಇಲ್ಲದೆ ಅದು ಬಾಯಿ ಬಿಡುವುದಿಲ್ಲವಂತೆ. ಪಾಸ್‌ವರ್ಡ್ ಸಿಕ್ಕರೆ ಒಂದು ಬೆಳಗಿನ ಕೆಲಸ, ಧ್ವನಿಗಳನ್ನು ತೆಗೆದಿಟ್ಟು ಅಪ್‌ಡೇಟನ್ನೂ ಮಾಡಿಕೊಡುತ್ತೇನೆ ಅಂತ ಹೊಸ ತಂತ್ರಜ್ಞ ಹೇಳಿದ. ನಿನ್ನನ್ನು ಕೇಳಲು ಮುಖ್ಯಸ್ಥರಿಗೆ ಮುಖವಿಲ್ಲ. ನನಗಿದೆ. ಅದರಲ್ಲಿ ಅಪ್ಪನೂ ಇದ್ದಾರೆ. ಗಾಜು ಕೊಯ್ಯುವಾಗ ಉಸಿರು ಬಿಗಿಹಿಡಿಯಬೇಕು ಅಂತ ಹೇಳುತ್ತಾ ಹೇಳುತ್ತಾ, 'ಅದನ್ನ ಸ್ವಲ್ಪ ನಿಲ್ಲಿಸೋ, ನಾನು ಕೆಮ್ಮಬೇಕು' ಅನ್ನುತ್ತಾರೆ. ನೀನು ನಿಲ್ಲಿಸಲಿಲ್ಲ. ಆ ಕೆಮ್ಮೂ ಇದೆ, ಆಮೇಲಿನ ಅವರ ನಗುವೂ ಇದೆ. ಅವರ ದನಿ ಬೇರೆಲ್ಲೂ ಉಳಿದಿಲ್ಲ ತಮ್ಮಾ.

ಕೋಪ ಇವರ ಮೇಲಿರಲಿ, ಆ ಯಂತ್ರದ ಮೇಲೆ ಬೇಡ. ಭಾವ ನಿನ್ನನ್ನು ಕೇಳಿದರು ಅಂತ ಬರೆಯಲು ಹೇಳಿದ್ದಾರೆ. ಚಳಿಯಲ್ಲಿ ಕಿವಿ ಮುಚ್ಚಿಕೋ. ನೀನು ಹೋದ ನೀರೆಲ್ಲ ತಣ್ಣಗಿರಲಿ.

ನಿನ್ನ ಜಗಳಗಂಟಿ
ಅಕ್ಕ

ಅಂಚೆಪೆಟ್ಟಿಗೆಗೆ ಹಾಕುವ ಮುಂಚೆ: ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಕಳಿಸಬೇಡ, ಹಾಗೆ ಮಾಡಬಾರದು ಅಂತ ಕಲಿಸಿದವನೇ ನೀನು. ಈ ಪತ್ರ ಸಿಕ್ಕ ಬಂದರಿನಿಂದ ಫೋನ್ ಮಾಡು. ಮನೆಯವರ ದನಿ ಕೇಳಿದರೆ ಅಲ್ಲೇ ಇಳಿದು ವಾಪಸ್ ಬಂದುಬಿಡುತ್ತೇನೆ, ಅದಕ್ಕೇ ಫೋನ್ ಮಾಡಲ್ಲ ಅಂತ ನೀನು ಹೊರಡುವಾಗ ಹೇಳಿದ್ದೆ, ಗೊತ್ತು. ನಾನು ಒಂದು ಮಾತೂ ಆಡುವುದಿಲ್ಲ. ಫೋನೆತ್ತಿ ಸುಮ್ಮನೆ ಬರೆದುಕೊಳ್ಳುತ್ತೇನೆ. ನೀನು ಒಂದೊಂದೇ ಅಕ್ಷರ ಹೇಳು. ನಿಧಾನವಾಗಿ ಹೇಳು, ನನಗೇನೂ ಅವಸರವಿಲ್ಲ.