ಇಂಚಾರ್ಜಪ್ಪ

ಅರಕಲಗೂಡು
14-11-2025

ಅಶೋಕಣ್ಣನಿಗೆ,

ನಿನ್ನ ಆರೋಗ್ಯ ಕೇಳಬೇಕಾಗಿಲ್ಲ. ಸನ್ಮಾನದ ಫೋಟೋದಲ್ಲಿ ಮೈಸೂರು ಪೇಟದ ಕೆಳಗೆ ಮುಖ ದುಂಡಗಾಗಿಯೇ ಇದೆ. ಅಮ್ಮನೂ ಚೆನ್ನಾಗಿದ್ದಾಳೆ. ಮುರಿದಿದ್ದ ಎಡಗೈ ಮಾತ್ರ ಈ ಚಳಿಗೆ ಹಿಡಿದುಕೊಳ್ಳುತ್ತದೆ, ಮುದ್ದೆ ತಿರುವುವಾಗ ನನ್ನನ್ನು ಕರೆಯುತ್ತಾಳೆ. ಫೋನ್ ಮಾಡಿದರೆ ನೀನು ಕಟ್ ಮಾಡುತ್ತೀಯ. ಅದಕ್ಕೇ ಈ ರಿಜಿಸ್ಟರ್ ಅಂಚೆ. ಸಹಿ ಹಾಕಿಯೇ ತೆಗೆದುಕೊಳ್ಳಬೇಕು.

ನೀನು ಸಹಾಯಕ ಸರ್ಕಾರಿ ಅಭಿಯೋಜಕನಾಗಿ, ಎಪಿಪಿಯಾಗಿ, ಚನ್ನರಾಯಪಟ್ಟಣಕ್ಕೆ ನೇಮಕವಾದ ಸುದ್ದಿ ಬಂದ ದಿನ ಅಮ್ಮ ಪೇಪರನ್ನು ಮಡಚಿ ಅಪ್ಪನ ಫೋಟೋ ಹಿಂದೆ ಇಟ್ಟಳು. ಖಾಲಿ ಹುದ್ದೆ ತುಂಬುವುದೆಂದರೆ ಏನೆಂದು ಅವಳಿಗೆ ಗೊತ್ತಿರುವಷ್ಟು ನಿನಗೆ ಗೊತ್ತಿಲ್ಲ. ನಾಲ್ಕು ವರ್ಷದಲ್ಲಿ ಅವಳ ಕೇಸಿಗೆ ಮೂವತ್ತೊಂದು ವಾಯಿದೆ. ಅವುಗಳಲ್ಲಿ ಹತ್ತೊಂಬತ್ತು ಸಲ ಸರ್ಕಾರದ ಪರ ನಿಲ್ಲಲು ವಕೀಲರೇ ಇರಲಿಲ್ಲ. ಹೊಳೆನರಸೀಪುರದಲ್ಲಿದ್ದ ಒಬ್ಬರೇ ನಮ್ಮ ಕೋರ್ಟಿಗೂ ಇನ್‌ಚಾರ್ಜ್. "ಇವತ್ತು ಇನ್‌ಚಾರ್ಜ್ ಬಂದಿಲ್ಲ ಕಣಮ್ಮ, ಓಗ್ಬುಟ್ಟು ಬಾ" ಎಂದು ಕೋರ್ಟಿನ ಜವಾನ ಹೇಳುತ್ತಿದ್ದ. ಅಮ್ಮ ಅದನ್ನು ಹೆಸರೆಂದೇ ತಿಳಿದಳು. ಮನೆಗೆ ಬಂದು, "ಇಂಚಾರ್ಜಪ್ಪ ಇವತ್ತೂ ಬರ್ನಿಲ್ಲ ಕಣೇ, ಅವರ್ ಮನೇಲಿ ಏನ್ ಕಷ್ಟವೋ" ಎಂದು ಅವರಿಗಾಗಿ ಮರುಗುತ್ತಿದ್ದಳು. ಕಾನೂನು ಓದಿದ ನೀನು ನಕ್ಕೆಯೇ ಹೊರತು ತಿದ್ದಲಿಲ್ಲ.

ಬದುವಿನ ಜಗಳದಲ್ಲಿ ಗುಂಡಯ್ಯ ಚಿಕ್ಕಪ್ಪ ಅಮ್ಮನ ಕೈ ತಿರುಚಿ ನೂಕಿದ್ದನ್ನು ಪಕ್ಕದ ಹೊಲದಿಂದ ನೋಡಿದವರು ಬೈರಯ್ಯಜ್ಜ. ಒಂಬತ್ತು ಸಲ ಬಸ್ ಹತ್ತಿ ಬಂದು ಸಾಕ್ಷಿ ಹೇಳದೆಯೇ ವಾಪಸಾದರು. ಕೊನೆಯ ಸಲ, "ನಾನ್ ಸತ್ಮೇಲೆ ಕರೀತಾರೇನವ್ವಾ?" ಎಂದರು. ಹಾಗೇ ಆಯಿತು. ಯುಗಾದಿಗೆ ಮುಂಚೆ ತೀರಿಕೊಂಡರು, ಅವರ ಹೆಸರಿಗೆ ಮತ್ತೊಂದು ಸಮನ್ಸ್ ಜೂನ್‌ನಲ್ಲಿ ಬಂತು.

ಊರಿನ ಸನ್ಮಾನದಲ್ಲಿ ನಿನಗೆ ಶಾಲು ಹೊದಿಸಿದ್ದು ಅದೇ ಗುಂಡಯ್ಯ. ನೀನು ಬಗ್ಗಿ ಹೊದಿಸಿಕೊಂಡೆ. ಅಮ್ಮ ಮುಂದಿನ ಸಾಲಿನಲ್ಲಿ ಕೂತು ನೋಡುತ್ತಿದ್ದಳು. ಮನೆಯಿಂದ ಹೊರಡುವಾಗ ಗೋಡೆಗೂಡಿನಲ್ಲಿ ರಾಜಿ ಅರ್ಜಿ ಇಟ್ಟು, "ದಾಯಾದಿ ಜಗಳ ಕಣವ್ವ. ಎಪಿಪಿ ಮನೇದೇ ಕೇಸು ಅಂತ ನಾಳೆ ಎಲ್ಲಾ ನಗ್ತಾರೆ. ಸೈನ್ ಹಾಕ್ಬುಡು" ಎಂದೆಯಂತೆ. ಕೋರ್ಟಿನ ಭಾಷೆ ಅವಳಿಗೆ ಅರ್ಥವಾಗದೆ ನಾನೇ ಓದಿ ಹೇಳಿದೆ. "ತಪ್ಪು ತಿಳಿವಳಿಕೆಯಿಂದ ದೂರು ಕೊಟ್ಟಿರುತ್ತೇನೆ." ಅಕ್ಷರ ನಿನ್ನದೇ. ಸ್ಲೇಟು ಹಿಡಿದು ಕೂರಿಸಿ ಅವಳೇ ತಿದ್ದಿಸಿದ ಅಕ್ಷರ. ಅಮ್ಮ ಕೇಳಿದ್ದು ಇಷ್ಟೇ: "ತಪ್ಪು ತಿಳ್ಕಂಡೋಳು ನಾನಾ?" ಅರ್ಜಿ ಬರೆದವನು ನೀನು, ಉತ್ತರವೂ ನಿನ್ನ ಹತ್ತಿರವೇ ಇರಬೇಕು.

ನಿನ್ನ ಜೊತೆಯಲ್ಲೇ ನೇಮಕವಾದ ಸೌಜನ್ಯ ಮೇಡಂ ಈಗ ನಮ್ಮ ಕೋರ್ಟಿಗೆ ಬಂದಿದ್ದಾರೆ. ಮೊದಲ ವಾರವೇ ಫೈಲ್ ಓದಿ, ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಮಾತಾಡಿದರು. "ನೀವು ಇಂಚಾರ್ಜಪ್ಪೋರ ಮಗಳಾ ತಾಯಿ?" ಎಂದಳು ಅಮ್ಮ. ಅವರು ನಗಲಿಲ್ಲ. ಆ ಮಾತಿನ ಅರ್ಥ ಬಿಡಿಸಿ ಹೇಳಿ, "ನಾನು ಇನ್‌ಚಾರ್ಜ್ ಅಲ್ಲಮ್ಮ, ಇಲ್ಲಿಗೇ ಬಂದಿದೀನಿ" ಎಂದರು. ನೀನು ನಾಲ್ಕು ವರ್ಷ ಮಾಡದ ಕೆಲಸಕ್ಕೆ ಅವರಿಗೆ ಎರಡು ನಿಮಿಷ ಹಿಡಿಯಿತು.

ಅಮ್ಮನ ಆಶೀರ್ವಾದವಿದೆ. ಅವಳು ಕೊಡುವುದನ್ನು ನಾನು ತಡೆಯಲಾರೆ. ನನ್ನ ನಮಸ್ಕಾರ ಮಾತ್ರ ಈ ಸಲ ಇಲ್ಲ.

ಧನಲಕ್ಷ್ಮಿ

ಮ.ವಿ.: ಅಂಚೆ ಕಚೇರಿ ಮುಚ್ಚುವ ಹೊತ್ತು. ಅಮ್ಮ ಸೈನ್ ಹಾಕಿಲ್ಲ, ಹಾಕುವುದೂ ಇಲ್ಲ. ಬದುವಿನ ಜಗಳದ ದಿನ ನಾನು ಹಾಸನದ ಹಾಸ್ಟೆಲಿನಲ್ಲಿದ್ದೆ. ಹೊಲದಲ್ಲಿ ಶುಂಠಿ ಕೀಳುತ್ತಿದ್ದವನು ನೀನು. ಬೈರಯ್ಯಜ್ಜ ಹೋದ ಮೇಲೆ ಕಣ್ಣಾರೆ ಕಂಡವನು ನೀನೊಬ್ಬನೇ, ಪಟ್ಟಿಯಲ್ಲಿ ನಾಲ್ಕನೇ ಸಾಕ್ಷಿ. ಸಮನ್ಸ್ ನಿನ್ನ ಕಚೇರಿಗೇ ಬರುತ್ತದೆ. ಡಿಸೆಂಬರ್ 3, ಬೆಳಿಗ್ಗೆ ಹನ್ನೊಂದು. ಜವಾನ ಮೂರು ಸಲ ಹೆಸರು ಕೂಗುತ್ತಾನೆ. ನೀನು ಕಾಣದಿದ್ದರೆ ಅಮ್ಮ ನನ್ನ ಮುಖ ನೋಡುತ್ತಾಳೆ. ಇಂಚಾರ್ಜಪ್ಪ ಬರಲಿಲ್ಲ ಎಂದು ನಾನು ಹೇಳುವುದಿಲ್ಲ. ನಿನ್ನ ಮಗ ಬರಲಿಲ್ಲ ಎಂದೇ ಹೇಳುತ್ತೇನೆ.