ಈ ಸಲ ಗೋಡೆ ಮುಚ್ಚಲಿಲ್ಲ

ಕೇನ್ ಬೆಂಡ್, ಮಿಸಿಸಿಪ್ಪಿ
ಫೆಬ್ರವರಿ 9

ಪ್ರೀತಿಯ ಜೊನೆಲ್,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕುಳಿತಿದ್ದೇನೆ, ಬೈದುಕೋ. ನಿನ್ನಪ್ಪನ ಮೊಣಕಾಲೊಂದನ್ನು ಬಿಟ್ಟರೆ ಮನೆಯಲ್ಲಿ ಎಲ್ಲ ಕ್ಷೇಮ.

ತಡವಾದದ್ದು ಶಾಲೆಯ ದೆಸೆಯಿಂದ. ಶಿಕ್ಷಣ ಮಂಡಳಿ ಈ ವರ್ಷ ಒಂದೇ ಶಾಲೆಯ ಕಟ್ಟಡ ಕೆಲಸ ಮಾಡಿಸುತ್ತದಂತೆ. ಹೆದ್ದಾರಿಯಾಚೆಯ ಶಾಲೆಯವರು ಎರಡನೆಯ ಒಳಾಂಗಣ ಕ್ರೀಡಾಂಗಣ ಕೇಳಿದ್ದಾರೆ. ನಾವು ಸೋರದ ಸೂರು ಕೇಳಿದ್ದೇವೆ.

ನಮ್ಮವರ ಪದ್ಧತಿ ನಿನಗೆ ಗೊತ್ತಲ್ಲ. ತಪಾಸಣೆಗೆ ಯಾರಾದರೂ ಬರುತ್ತಾರೆಂದರೆ ಶನಿವಾರವೇ ಚರ್ಚಿನ ಹೆಂಗಸರೆಲ್ಲ ಬಕೆಟ್ ಹಿಡಿದು ಹಾಜರ್. ಬೂಷ್ಟು ಹಿಡಿದ ಗೋಡೆಗೆ ಬಣ್ಣದ ಕಾಗದ, ಒಡೆದ ಕಿಟಕಿಗೆ ಕೌದಿ, ಅಧಿಕಾರಿಯ ಕೈಗೆ ಕೇಕು. ಅವನು ತಿಂದು, ‘ಕಟ್ಟಡ ಸುಸ್ಥಿತಿಯಲ್ಲಿದೆ’ ಎಂದು ಬರೆದು ಹೋಗುತ್ತಾನೆ. ಮೂವತ್ತೊಂದು ವರ್ಷದಿಂದ ಪಾಠ ಹೇಳುತ್ತಿರುವ ನಾನೂ ಈ ನಾಟಕದಲ್ಲಿದ್ದವಳೇ.

ಈ ಸಲ ಬಾಗಿಲಿಗೆ ಅಡ್ಡ ನಿಂತೆ. ಚರ್ಚಿನ ಅರ್ನೆಸ್ಟೀನ್ ಅಕ್ಕನ ಮುಖ ಬಿಗಿದುಕೊಂಡಿತು.

“ಮಾನ ಮರ್ಯಾದೆ ಬೇಡ್ವೇನೇ, ವರ್ನೀಸ್? ನಮ್ಮ ಮಕ್ಕಳು ಹೊಲಸಲ್ಲಿ ಕೂತಿದ್ದಾರೆ ಅಂತ ಹೆದ್ದಾರಿ ಆಚೆಯವ್ರು ಆಡ್ಕೋಬೇಕಾ?”

“ಕೂತಿರೋದು ನಿಜ ತಾನೇ, ಅಕ್ಕಾ? ನೆಲ ಬೇಕಾದ್ರೆ ಗುಡ್ಸು. ಗೋಡೆ ಮುಟ್ಬೇಡ.”

“ಕೇಕಾದ್ರೂ ತರ್ಲಾ?”

“ತಗೊಂಬಾ, ಮಕ್ಕಳಿಗೆ ಕೊಡೋಣ.”

ಸೋಮವಾರ ಅಧಿಕಾರಿ ಬಂದ. ನಡುವಯಸ್ಸಿನವನು, ಮಾತು ಕಡಿಮೆ. ಒಡೆದ ಕಿಟಕಿಯ ಚಳಿಗೆ ಮಕ್ಕಳು ಕೋಟು ಹಾಕಿಕೊಂಡೇ ಲೆಕ್ಕ ಬಿಡಿಸುತ್ತಿದ್ದರು. ಕಪ್ಪಾದ ಗೋಡೆಯನ್ನು ಬೆರಳಿನಿಂದ ಕೆರೆದು, “ಹಳೇ ವರದೀಲಿ ಇದೇನೂ ಇಲ್ವಲ್ಲ ಮೇಡಂ?” ಎಂದ.

“ನಾವು ತೋರಿಸಿರ್ಲಿಲ್ಲ” ಎಂದೆ. ಅವನು ಫೋಟೋ ತೆಗೆದುಕೊಂಡ.

ಅಷ್ಟಕ್ಕೇ ಸೂರು ಬಂದೀತೆಂದು ನಾನೇನೂ ನಂಬಿಲ್ಲ. ಮುಂದಿನ ವಾರ ಗುರುವಾರ ಮಂಡಳಿಯ ಸಭೆಯಿದೆ, ಊರವರಿಗೆ ತಲಾ ಮೂರು ನಿಮಿಷ ಮಾತಾಡಲು ಬಿಡುತ್ತಾರೆ. ನನ್ನ ಹೆಸರು ಬರೆಸಿದ್ದೇನೆ. ಈ ಸಲ ಆಗದಿದ್ದರೆ ಮುಂದಿನ ತಿಂಗಳೂ ಬರೆಸುತ್ತೇನೆ. ಅಕ್ಕನೂ ಬರೆಸಿದ್ದಾಳೆ, ಮಂಡಳಿಯನ್ನು ಬೈಯಲೋ ನನ್ನನ್ನು ಬೈಯಲೋ ಹೇಳಿಲ್ಲ.

ದೇವರು ನಿನ್ನನ್ನೂ ಮಗುವನ್ನೂ ಬೆಚ್ಚಗಿಟ್ಟಿರಲಿ.

ನಿನ್ನ ಅಮ್ಮ,
ವರ್ನೀಸ್

ಮತ್ತೊಂದು ಮಾತು. ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಮೂರನೇ ತರಗತಿಯಲ್ಲಿ ನೀನು ಕೂರುತ್ತಿದ್ದದ್ದು ಆ ಗೋಡೆಗೆ ಒರಗಿಯೇ. “ಅಮ್ಮಾ, ಉಸಿರು ಕಟ್ಟುತ್ತೆ” ಎಂದಾಗಲೆಲ್ಲ ಶಾಲೆ ತಪ್ಪಿಸುವ ನೆಪವೆಂದು ಗದರಿಸಿದೆ. ನಿನ್ನ ಬೆನ್ನ ಹಿಂದಿನ ಬೂಷ್ಟಿನ ಮೇಲೆ ಹಳದಿ ಕಾಗದ ಅಂಟಿಸಿದವಳು ನಾನೇ. ಇವತ್ತಿಗೂ ನೀನು ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತೀ. ಗುರುವಾರ ಇದನ್ನೇ ಹೇಳುತ್ತೇನೆ. ನಿನ್ನ ಹೆಸರು ಹೇಳಲೇ? ಬೇಡವೆಂದರೆ ಬಿಡುತ್ತೇನೆ. ನನ್ನ ಹೆಸರನ್ನಂತೂ ಹೇಳಿಯೇ ಹೇಳುತ್ತೇನೆ.